ಹತ್ತಕ್ಕೆ ಒಂದು ಬಾಕಿ

ನನಗೊಂದು ಚಾಳಿಯಿದೆ. ದಿನಾ ಸಂಜೆ ಡೈರಿಯಲ್ಲಿ ತಾರೀಖು ಬರೆದು, ಅದರ ಪಕ್ಕದಲ್ಲಿ ಒಂದು ಚಿಕ್ಕ ಚೌಕ ಎಳೆದು, ಆ ದಿನದ ನನ್ನ ನೆಮ್ಮದಿಗೆ ಹತ್ತಕ್ಕೆ ಎಷ್ಟು ಅಂಕ ಎಂದು ಅದರೊಳಗೆ ಬರೆಯುತ್ತೇನೆ. ಪರೀಕ್ಷೆ ಕೊಡುವವನೂ ನಾನೇ, ಉತ್ತರಪತ್ರಿಕೆ ತಿದ್ದುವವನೂ ನಾನೇ. ಆದರೂ ಇಷ್ಟು ವರ್ಷಗಳಲ್ಲಿ ಒಂದೇ ಒಂದು ದಿನ ಹತ್ತಕ್ಕೆ ಹತ್ತು ಬಿದ್ದಿಲ್ಲ. ಒಳ್ಳೆಯ ದಿನಕ್ಕೆ ಏಳು, ಅಪರೂಪಕ್ಕೆ ಎಂಟು, ಸಾಹೇಬರು ಬೈದ ದಿನ ನಾಲ್ಕು. ತಿಂಗಳ ಕೊನೆಗೆ ಸರಾಸರಿ ತೆಗೆಯುತ್ತೇನೆ. ನಮ್ಮ ಕಡೆಯ ಬಿಸಿಲಿಗೆ ಅದು ಇಳಿಯುತ್ತದೆ, ಕೇಸರ್ ಮಾವು ಬಂತೆಂದರೆ ತುಸು ಏರುತ್ತದೆ. ಇದರಿಂದ ಯಾರಿಗೆ ಏನು ಉಪಯೋಗ ಎಂದು ಕೇಳಬೇಡಿ. ನಾನು ಕುಷ್ಟಗಿಯಲ್ಲಿ ಸರಕಾರಿ ಗುಮಾಸ್ತ. ಉಪಯೋಗ ಗೊತ್ತಿಲ್ಲದ ಅಂಕಿಗಳನ್ನು ಅಚ್ಚುಕಟ್ಟಾಗಿ ಬರೆದಿಡುವುದೇ ನನ್ನ ವೃತ್ತಿ.

ಆ ಸಿಕ್ಕದ ಅಂಕಗಳು ಎಲ್ಲಿ ಹೋಗುತ್ತವೆ ಎಂಬ ಚಿಂತೆ ನನಗೆ ಹತ್ತಿದ್ದು ಕೊಪ್ಪಳದಲ್ಲಿ ನಡೆದ ಒಂದು ದಿನದ ತರಬೇತಿಯಲ್ಲಿ. ನೌಕರರ ಮನಸ್ಸು ಉಲ್ಲಾಸವಾಗಿರಲಿ ಎಂದು ಹೊರಗಿನಿಂದ ಒಬ್ಬ ಭಾಷಣಕಾರರನ್ನು ಕರೆಸಿದ್ದರು. ಅವರು ನಮಗೆಲ್ಲ ಒಂದೊಂದು ಚೀಟಿ ಕೊಟ್ಟು, "ನಿಮ್ಮ ಬದುಕಿನ ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ" ಎಂದರು. ನನ್ನ ಪಕ್ಕದಲ್ಲಿದ್ದ ಸಹೋದ್ಯೋಗಿ ಒಂದು ಕ್ಷಣವೂ ಯೋಚಿಸದೆ "ಯಲಬುರ್ಗಾದಿಂದ ಗಂಗಾವತಿಗೆ ವರ್ಗಾವಣೆ" ಎಂದು ಬರೆದು ಪೆನ್ನು ಮುಚ್ಚಿಟ್ಟರು. ನನ್ನ ಚೀಟಿ ಖಾಲಿಯೇ ಉಳಿಯಿತು. ನನ್ನ ಅಂಕಗಳು ಸೋರಿಹೋಗುವುದು ಇಲ್ಲಿಂದಲೇ ಇರಬೇಕು ಎನಿಸಿತು. ಭಾಷಣಕಾರರು ಕರುಣೆಯಿಂದ ನೋಡಿ, ಉದ್ದೇಶ ಹೊರಗೆಲ್ಲೂ ಇಲ್ಲ, ನಿಮ್ಮೊಳಗೇ ಇದೆ, ಹುಡುಕಿ ಎಂದರು. ಬಸ್ಸಿನಲ್ಲಿ ಕುಷ್ಟಗಿ ಬರುವವರೆಗೂ ಒಳಗೆ ಹುಡುಕಿದೆ. ಮಧ್ಯಾಹ್ನ ತಿಂದ ಮಂಡಾಳ ಒಗ್ಗರಣೆ, ಮಿರ್ಚಿ ಬಿಟ್ಟರೆ ಬೇರೇನೂ ಕೈಗೆ ಹತ್ತಲಿಲ್ಲ.

ಹಾಗೆಂದು ಆ ತರಬೇತಿ ವ್ಯರ್ಥವಾಗಲಿಲ್ಲ. ಈಜು ಬಾರದವನಿಗೆ ಈಜು ಕಲಿಸುವ ಹುಮ್ಮಸ್ಸು ಹೆಚ್ಚು. ಅಲ್ಲಿ ಕಲಿತದ್ದನ್ನೆಲ್ಲ ಮನೆಯಲ್ಲಿ ಪ್ರಯೋಗಿಸಲು ನನಗೆ ಒಬ್ಬರು ತಯಾರಾಗಿ ಸಿಕ್ಕಿದ್ದರು. ಅವರೇ ನಮ್ಮ ದೊಡ್ಡವ್ವ.

ದೊಡ್ಡವ್ವ ನನ್ನ ಅವ್ವನ ಅಕ್ಕ. ಇದ್ದದ್ದು ಹನುಮಸಾಗರದಲ್ಲಿ. ಗಂಡ ತೀರಿಕೊಂಡ ಮೇಲೂ ಊರು ಬಿಡದೆ, ಓಣಿಯ ಎಲ್ಲರ ಮನೆಯ ಕೆಲಸಕ್ಕೂ ಮುಂದಾಗಿ, ಎಲ್ಲರ ಜಗಳಕ್ಕೂ ನ್ಯಾಯ ಹೇಳುತ್ತ ಗಟ್ಟಿಯಾಗಿದ್ದವರು. ಚಳಿಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಅವ್ವ ಹೋಗಿ ಹಟ ಮಾಡಿ ಕುಷ್ಟಗಿಗೆ ಕರೆತಂದಳು. ಪಟ್ಟಿ ಬಿಚ್ಚಿದ ದಿನ ಡಾಕ್ಟರು ಒಂದೇ ಮಾತು ಹೇಳಿದರು: ಎಲುಬು ಕೂಡಿದೆ, ಆದರೆ ಈಗಿನಿಂದಲೇ ಬೆರಳು, ಮಣಿಕಟ್ಟು ಆಡಿಸುತ್ತಿರಬೇಕು. ಸುಮ್ಮನೆ ಕೂತರೆ ಬೇಸಿಗೆ ಮುಗಿಯುವಷ್ಟರಲ್ಲಿ ಕೈ ಸೆಟೆದು ಹೋಗುತ್ತದೆ, ಆಮೇಲೆ ತಿರುಗಿ ಬರುವುದಿಲ್ಲ.

ದೊಡ್ಡವ್ವ ಸುಮ್ಮನೆ ಕೂತರು.

ಆ ಕೂರುವಿಕೆಯನ್ನು ನೋಡಿದವರಿಗೇ ಗೊತ್ತು. ಕೈಯನ್ನು ಯಾರೋ ಮರೆತು ಬಿಟ್ಟುಹೋದ ಸಾಮಾನಿನಂತೆ ಮಡಿಲಲ್ಲಿಟ್ಟುಕೊಂಡು ಎದುರಿನ ಗೋಡೆ ನೋಡುವುದು. ಊಟಕ್ಕೆ ಕರೆದರೆ ಒಂದು ರೊಟ್ಟಿಗೆ ಸಾಕು. ಮಾತಾಡಿಸಿದರೆ ಹೂಂ. ಕೈ ಆಡಿಸು ಎಂದರೆ, "ಯಾತಕ್ಕ ಆಡಿಸಲೆಪಾ? ಉಣ್ಣಾಕ ಎಡಗೈ ಕಲತೈತಿ. ಹೊತ್ತು ಹೋಗಾಕ ಗ್ವಾಡಿ ಐತಿ." ಅವ್ವ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ನಾನು ಕಾರ್ಯಾಚರಣೆಗೆ ಇಳಿದೆ. ಒಂದು ರಬ್ಬರ್ ಚೆಂಡು ತಂದೆ. ಕ್ಯಾಲೆಂಡರಿನ ಪಕ್ಕ ಹಾಳೆ ಅಂಟಿಸಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಗೆರೆ ಹೊಡೆದೆ. ಚೆಂಡು ಹಿಂಡಿದಾಗಲೆಲ್ಲ ಒಂದು ಗುರುತು. ನಾಲ್ಕು ದಿನದಲ್ಲಿ, ಗಾಳಿಗೆ ಬಡಿದುಕೊಳ್ಳುವ ಹಿತ್ತಲ ಬಾಗಿಲಿಗೆ ಆ ಚೆಂಡು ಅಡ್ಡವಾಗಿ ಕೂತಿತ್ತು. ಹಾಳೆ ಬೆಳ್ಳಗೇ ಇತ್ತು. ಪ್ರೋತ್ಸಾಹಕ್ಕೆ ಬಹುಮಾನವಿರಬೇಕೆಂದು ಭಾಷಣಕಾರರು ಹೇಳಿದ್ದು ನೆನಪಾಗಿ, ಒಂದು ವಾರ ಚೆಂಡು ಹಿಂಡಿದರೆ ಕಿನ್ನಾಳದ ಬಣ್ಣದ ಕಟ್ಟಿಗೆ ಗಿಳಿ ತಂದುಕೊಡುವುದಾಗಿ ಆಸೆ ತೋರಿಸಿದೆ.

"ಅರವತ್ತು ದಾಟ್ಯಾವೋ ನನಗ. ಗಿಣಿ ತೋರ್ಸಿ ಔಷದ ಕುಡಸಾಕ ನಾ ಏನ್ ಕೂಸೇನು?" ಎಂದರು ದೊಡ್ಡವ್ವ.

ಕೊನೆಯ ಅಸ್ತ್ರವೊಂದಿತ್ತು. ದಿನಾ ಮಲಗುವ ಮುಂಚೆ ಅವತ್ತು ನಡೆದ ಮೂರು ಒಳ್ಳೆಯ ಸಂಗತಿಗಳನ್ನು ನೆನೆಸಿಕೊಂಡರೆ ಮನಸ್ಸು ಅರಳುತ್ತದಂತೆ. ಹೇಳು ದೊಡ್ಡವ್ವಾ ಎಂದು ಪೆನ್ನು ಹಿಡಿದು ಕೂತೆ. ಅವರು ಯೋಚಿಸಿ, "ಒಂದು, ಮುಂಜಾನೆ ನೀ ಲಗೂನ ಆಫೀಸಿಗೆ ಹ್ವಾದಿ. ಎರಡು, ಸಂಜಿಕ ತಡಾ ಮಾಡಿ ಬಂದಿ" ಎಂದರು.

"ಮೂರನೇದು?"

"ನಾಳಿಗೆ ಆಯ್ತಾರ. ದಿನಪೂರ್ತಿ ಮನ್ಯಾಗ ಇರ್ತಿ. ಅದನ್ನ ನೆನಸ್ಕೊಂಡ್ರ ಮೂರನೇದು ಹೊಳೀವಲ್ದು."

ಆ ಸಂಜೆ ನನ್ನ ಚೌಕದಲ್ಲಿ ಮೂರು ಬಿತ್ತು.

ಮರುದಿನ, ಆ ಭಾನುವಾರ, ಬೆಳಗಿನ ಬಸ್ಸಿಗೆ ಶರಣವ್ವ ಬಂದಳು. ಹನುಮಸಾಗರದಲ್ಲಿ ದೊಡ್ಡವ್ವನ ಗೋಡೆಗೆ ಗೋಡೆ ಹತ್ತಿದ ಮನೆಯವಳು. ವಯಸ್ಸಿನಲ್ಲಿ ಸಣ್ಣವಳು, ದನಿಯಲ್ಲಿ ದೊಡ್ಡವಳು. ನೋಡಲು ಬಂದವರು ಸಾಮಾನ್ಯವಾಗಿ ಮುರಿದ ಕೈ ಹಿಡಿದು, ಅಯ್ಯೋ ಯವ್ವಾ ಎಂದು ಶುರು ಮಾಡುತ್ತಾರೆ. ಶರಣವ್ವ ಹಾಗೇನೂ ಮಾಡಲಿಲ್ಲ. ನೀರು ಕುಡಿದು, ಲೋಟ ಕೆಳಗಿಟ್ಟು ನೇರವಾಗಿ ಹೇಳಿದಳು:

"ಯಕ್ಕಾ, ಹ್ವಾದ ವರ್ಷ ನಿನ್ನ ಶ್ಯಾವಿಗಿ ಹೊಸಿಯಾಕ ನಾ ಎರಡು ದಿನ ಬಂದಿದ್ನಿ. ಆ ಮುಯ್ಯಿ ನಿನ್ನ ಮ್ಯಾಲ ಹಂಗ ಐತಿ. ನನ್ನ ಮಗಳು ಕೂಸಿನ್ನ ಕರಕೊಂಡು ಗಂಡನ ಮನಿಗೆ ಹೊಂಟಾಳ. ಶ್ಯಾವಿಗಿ ಕಟ್ಟಿ ಕಳಸಬೇಕು. ಉಗಾದಿ ಆದಮ್ಯಾಲ ಮಣಿ ಹಾಕ್ತೀನಿ. ನೀ ಬರಬೇಕು."

ಮುಯ್ಯಿ ಎಂದರೆ ನಮ್ಮ ಕಡೆ ಕೂಲಿಯಿಲ್ಲದ ಕೆಲಸದ ಕೊಡುಕೊಳ್ಳು. ಇವತ್ತು ನಾನು ನಿನ್ನ ಮನೆಗೆ, ನಾಳೆ ನೀನು ನನ್ನ ಮನೆಗೆ. ಬೇಸಿಗೆ ಬಂತೆಂದರೆ ಹೆಂಗಸರು ಹೀಗೆ ಮನೆಯಿಂದ ಮನೆಗೆ ತಿರುಗಿ ಶ್ಯಾವಿಗೆ, ಸಂಡಿಗೆ, ಹಪ್ಪಳ ಮುಗಿಸುತ್ತಾರೆ. ಶ್ಯಾವಿಗೆ ಮಣೆಯೆಂದರೆ ಮೈತುಂಬ ಸಣ್ಣ ಗೆರೆಗಳಿರುವ ಉದ್ದನೆಯ ಹಲಗೆ. ಅದನ್ನು ಇಳಿಜಾರಾಗಿಟ್ಟು, ಮೇಲೆ ಕೂತವಳು ನಾದಿದ ಹಿಟ್ಟನ್ನು ಅಂಗೈಯಿಂದ ಒತ್ತಿ ಒತ್ತಿ ಹೊಸೆಯುತ್ತಾಳೆ. ಕೆಳಗೆ ಕೂತವಳು ಇಳಿದು ಬಂದ ಎಳೆಗಳನ್ನು ಎತ್ತಿ ಕೋಲಿಗೆ ಹಾಕುತ್ತಾಳೆ. ಹೊಸೆಯುವವಳ ಬಲವೆಲ್ಲ ಮಣಿಕಟ್ಟಿನಲ್ಲೇ ಇರಬೇಕು. ದೊಡ್ಡವ್ವನದು ಮುರಿದದ್ದೂ ಅದೇ.

ಅವ್ವನಿಗೆ ಸಿಟ್ಟು ನೆತ್ತಿಗೇರಿತು. "ಕಣ್ಣು ಕಾಣತಾವೋ ಇಲ್ಲೋ ನಿನಗ? ಮುರದ ಕೈಲೆ ಏನ್ ಹೊಸಿತಾಳ ಆಕಿ? ಬೇಕಾದ್ರ ನಾ ಬರ್ತೀನಿ ನಡಿ."

"ನೀ ಬಂದ್ರ ಅದು ನಿನ್ನ ಮುಯ್ಯಿ ಆಕ್ಕೈತಿ. ನನಗ ಬೇಕಾದ್ದು ಈಕಿದು."

ಜಗಳ ತಣಿಸಲು ನಾನು ನಡುವೆ ಬಾಯಿ ಹಾಕಿದೆ. "ಅಂಗಡ್ಯಾಗ ಪಾಕೀಟಿನ ಶ್ಯಾವಿಗಿ ಸಿಗ್ತಾವಲ್ಲ ಚಿಗವ್ವಾ. ಎಷ್ಟು ಬೇಕು ಹೇಳ್ರಿ, ನಾ ತಂದುಕೊಡ್ತೀನಿ."

ಮೂವರೂ ನನ್ನತ್ತ ತಿರುಗಿದರು. ನೆಂಟಸ್ತಿಕೆಯನ್ನು ಸಂತೆಯಲ್ಲಿ ತೂಗಿಸಿಕೊಂಡು ಬರುತ್ತೇನೆ ಎಂದವನನ್ನು ನೋಡುವ ನೋಟ ಅದು. ಆಮೇಲೆ ಒಂದು ಆಶ್ಚರ್ಯ ನಡೆಯಿತು. ದೊಡ್ಡವ್ವ ನಕ್ಕರು. ನಮ್ಮ ಮನೆಗೆ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು. ನಕ್ಕು, ಮಡಿಲಲ್ಲಿದ್ದ ಕೈಯನ್ನು ಎತ್ತಿ ನೋಡಿಕೊಂಡು, ಶರಣವ್ವನಿಗೆ ಹೇಳಿದರು:

"ಎಳಿ ಸಣ್ಣ ಬರಲಿಲ್ಲಂದ್ರ ಬಯ್ಯಬ್ಯಾಡ ಮತ್ತ."

"ಬಯ್ತೀನಿ," ಎಂದಳು ಶರಣವ್ವ.

ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಬಂದರೆ ದೊಡ್ಡವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದರು. ಮುಂದೆ ಪರಾತ, ಪರಾತದಲ್ಲಿ ಒಂದು ಹಿಡಿ ಗೋಧಿ ಹಿಟ್ಟು. ಸೆಟೆದ ಬೆರಳುಗಳನ್ನು ಹಿಟ್ಟಿನೊಳಗೆ ಊರಿ ಮಡಚುತ್ತಿದ್ದರು. ನೋವಿಗೆ ತುಟಿ ಕಚ್ಚುತ್ತಿದ್ದರು, ಬಿಡುತ್ತಿರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಓಡಿಹೋಗಿ ಗೋಡೆಯ ಹಾಳೆಯಲ್ಲಿ ಒಂದು ಗುರುತು ಹಾಕಿದೆ.

"ಮದ್ಲ ಆ ಹಾಳಿ ತಗಿ," ಎಂದರು, ತಲೆಯೆತ್ತದೆ.

ಅವತ್ತಿನಿಂದ ನಾನು ಯೋಚಿಸುತ್ತಲೇ ಇದ್ದೇನೆ. ಮನುಷ್ಯ ಹುಟ್ಟುವಾಗಲೇ ಋಣ ಹೊತ್ತು ಬರುತ್ತಾನೆ ಎಂದು ಹಿರಿಯರು ಹೇಳುತ್ತಾರೆ. ದೇವಋಣ, ಋಷಿಋಣ, ಪಿತೃಋಣ. ಮೊದಲು ಇದನ್ನು ಕೇಳಿದಾಗ, ಕಣ್ಣು ಬಿಡುವ ಮುಂಚೆಯೇ ಇಷ್ಟು ಸಾಲವೇ ಎಂದು ಗಾಬರಿಯಾಗಿತ್ತು. ಈಗ ಅನಿಸುತ್ತದೆ, ಅವರು ಅದನ್ನು ಹೆದರಿಸಲು ಹೇಳಿರಲಿಕ್ಕಿಲ್ಲ, ಧೈರ್ಯ ಹೇಳಲೆಂದೇ ಹೇಳಿರಬೇಕು. ನಿನ್ನಿಂದ ಬರಬೇಕಾದದ್ದು ಇದೆ, ಕಾಯುವವರಿದ್ದಾರೆ, ಏಳು ಎಂದು. ನಾವು ಮನೆಯವರು ದೊಡ್ಡವ್ವನಿಗೆ ಎಲ್ಲ ಕೊಟ್ಟೆವು: ಹಾಸಿಗೆ, ರೊಟ್ಟಿ, ಚೆಂಡು, ಉಪದೇಶ. ಅವರಿಂದ ಏನನ್ನೂ ಕೇಳಲಿಲ್ಲ. ಕೇಳದಿರುವುದೇ ಪ್ರೀತಿ ಎಂದುಕೊಂಡಿದ್ದೆವು. ಶರಣವ್ವ ಬರಿಗೈಯಲ್ಲಿ ಬಂದು ಕೇಳಿ ಹೋದಳು.

ಯುಗಾದಿ ಕಳೆದು ಬಂದ ತಿಂಗಳ ಎರಡನೇ ಶನಿವಾರ, ಕಚೇರಿಗೆ ರಜೆ. ದೊಡ್ಡವ್ವನನ್ನು ಹನುಮಸಾಗರಕ್ಕೆ ಕರೆದುಕೊಂಡು ಹೋದೆ. ಶರಣವ್ವನ ಪಡಸಾಲೆಯಲ್ಲಿ ಮಣೆ ಹೂಡಿದ್ದರು, ಓಣಿಯ ಹೆಂಗಸರೆಲ್ಲ ಸೇರಿದ್ದರು. ದೊಡ್ಡವ್ವ ಯಾರನ್ನೂ ಕೇಳದೆ ಹೋಗಿ ಮಣೆಯ ಮೇಲ್ತುದಿಯಲ್ಲಿ ಕೂತರು. ಮೊದಲ ಎಳೆಗಳು ಇಳಿದವು. ದಪ್ಪ, ಅಂಕುಡೊಂಕು, ಅರ್ಧಕ್ಕೆ ಹರಿದವು. ಉಳಿದವರು ತಮ್ಮ ತಮ್ಮ ಹಿಟ್ಟಿನ ಕಡೆ ನೋಡಿದರು. ಶರಣವ್ವ ಮಾತ್ರ ಕೊಟ್ಟ ಮಾತಿಗೆ ತಪ್ಪಲಿಲ್ಲ.

"ಇದೇನ್ ಶ್ಯಾವಿಗ್ಯೋ, ಹಗ್ಗಾನೋ? ನಮ್ಮ ಬೀಗರು ಇದರಲೆ ಎಮ್ಮಿ ಕಟ್ಟತಾರ!"

ಪಡಸಾಲೆ ನಗೆಯಿಂದ ತುಂಬಿತು. ದೊಡ್ಡವ್ವನ ಮುಖ ಕೆಂಪಾಯಿತು. "ಹಿಟ್ಟು ನಾದಿದಾಕಿ ಯಾರು? ಕಲ್ಲು ನಾದ್ಯಾಳ!" ಎಂದು ತಿರುಗಿ ಬೈದು, ಹಿಟ್ಟನ್ನು ಎತ್ತಿ ಮತ್ತೆ ನಾದಿಸಿ, ಸೀರೆ ಬಿಗಿದು ಕೂತರು. ಎರಡನೆಯ ಸಲ ಎಳೆ ಹರಿಯಲಿಲ್ಲ. ಮೊದಲಿನಷ್ಟು ಸಣ್ಣಗೇನೂ ಇರಲಿಲ್ಲ. ಕೈ ಸೋತಾಗ ಕೆಳಗಿಳಿದು ಎಡಗೈಯಿಂದ ಎಳೆ ಎತ್ತುವರು, ನೋವು ಇಳಿದಾಗ ಮತ್ತೆ ಮೇಲೆ ಹತ್ತುವರು. ಅವತ್ತು ಮಧ್ಯಾಹ್ನ ಅವರು ಉಂಡ ರೊಟ್ಟಿಗಳನ್ನು ನಾನು ಎಣಿಸಲಿಲ್ಲ. ಎಣಿಸುವುದು ಮರೆತೇ ಹೋಯಿತು.

ನನಗೂ ಬಿಡುವಿರಲಿಲ್ಲ. ಹಸಿ ಎಳೆಯ ಕೋಲುಗಳನ್ನು ಒಯ್ದು ನೆರಳಿಗೆ ಹಾಕುವ ಕೆಲಸ ಕೊಟ್ಟಿದ್ದರು. ಒಂದು ಕೋಲು ಕೈಜಾರಿ ಬಿತ್ತು. "ಡೈರಿ ಬರಿಯೋ ಗಂಡಿಗೆ ಹೆಣ್ಣು ಯಾರು ಕೊಡ್ತಾರವಾ? ಹೇಣ್ತಿ ಮಾಡಿದ ಸಾರಿಗೆ ದಿನಾ ಮಾರ್ಕ್ಸ್ ಹಾಕ್ತಾನ!" ಎಂದು ಯಾರೋ ಅಂದರು. ಸುದ್ದಿ ನನಗಿಂತ ಮೊದಲೇ ಊರು ತಲುಪಿತ್ತು.

ಭಾನುವಾರ ಸಂಜೆಗೆ ಕೆಲಸ ಮುಗಿಯಿತು. ಹೊರಡುವಾಗ ನನ್ನ ವೃತ್ತಿಧರ್ಮ ಸುಮ್ಮನಿರಬೇಕಲ್ಲ. "ಅವರದು ಎರಡು ದಿನ, ನಿಂದೂ ಎರಡು ದಿನ. ಲೆಕ್ಕ ಚುಕ್ತಾ ಆತಲ್ಲ ದೊಡ್ಡವ್ವಾ," ಎಂದೆ.

ಅಪಶಕುನ ನುಡಿದವನಂತಾಯಿತು ನನ್ನ ಸ್ಥಿತಿ.

"ಹಂಗ ಅನಬಾರದೋ ತಮ್ಮಾ," ಎಂದಳು ಶರಣವ್ವ. "ಚುಕ್ತಾ ಆದ್ರ ಮುಂದಿನ ವರ್ಷ ಯಾವ ಮಾರಿ ಹೊತ್ಕೊಂಡು ಕರಿಯಾಕ ಬರಲಿ?" ಎಂದು ಒಳಗೆ ಹೋಗಿ, ಒಂದು ಗಂಟು ಶ್ಯಾವಿಗೆ ತಂದು ದೊಡ್ಡವ್ವನ ಮಡಿಲಿಗೆ ಹಾಕಿದಳು. "ಇದು ಹೆಚ್ಚಿಗಿದು. ನಿನ್ನ ಮ್ಯಾಲಿರ್ಲಿ."

ದೊಡ್ಡವ್ವ ಬೇಡವೆನ್ನಲಿಲ್ಲ.

ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತರು. ಕೈ ನೋಯುತ್ತಿತ್ತೆಂದು ಕಾಣುತ್ತದೆ, ಯಾರೂ ಹೇಳದಿದ್ದರೂ ಬೆರಳುಗಳನ್ನು ಮಡಚಿ ಬಿಚ್ಚಿ ಮಾಡುತ್ತಿದ್ದರು. ನಾನು ಡೈರಿ ತೆಗೆದು ತಾರೀಖು ಬರೆದೆ, ಬಸ್ಸಿನ ಕುಲುಕಾಟದಲ್ಲಿ ಸೊಟ್ಟ ಚೌಕ ಎಳೆದೆ.

"ಎಷ್ಟು ಹಾಕ್ದಿ?" ಎಂದರು.

"ಹತ್ತಕ್ಕ ಹತ್ತು ಹಾಕ್ಬೇಕಂತ ಮಾಡೀನಿ."

"ಎಲ್ಲಾ ಇವತ್ತ ಹಾಕ್ಕೊಂಡ್ರ ನಾಳಿಗೆ ಎದ್ದು ಏನ್ ಮಾಡಾಂವ?"

ಒಂಬತ್ತು ಬರೆದೆ. ಕಳೆದುಹೋದವೆಂದು ನಾನು ಕೊರಗಿದ ಆ ಅಂಕಗಳು ಎಲ್ಲಿಗೂ ಹೋಗಿರಲಿಲ್ಲ ಎನಿಸಿತು. ನನ್ನನ್ನು ಮರುದಿನ ಬೆಳಿಗ್ಗೆ ಎಬ್ಬಿಸಲು ಯಾರ ಹತ್ತಿರವೋ ಬಾಕಿ ಇದ್ದವು. ಕೊಪ್ಪಳದ ಆ ಚೀಟಿ ಇನ್ನೂ ಖಾಲಿಯೇ ಇದೆ, ಆದರೆ ಮೊದಲಿನಷ್ಟು ಚುಚ್ಚುವುದಿಲ್ಲ.

ಕುಷ್ಟಗಿಯ ದೀಪಗಳು ಕಾಣತೊಡಗಿದಾಗ ದೊಡ್ಡವ್ವ ಮಡಿಲ ಗಂಟನ್ನು ಬಲಗೈಯಿಂದಲೇ ಬಿಗಿ ಮಾಡಿಕೊಂಡು, "ಕಿನ್ನಾಳದ ಗಿಣಿ ತರ್ತೀನಿ ಅಂದಿದ್ಯಲ್ಲ, ಎಲ್ಲೈತಿ?" ಎಂದರು.

"ನೀ ಬ್ಯಾಡ ಅಂದಿದ್ದಿ."

"ಬ್ಯಾಡ ಅಂದ್ನೇನು? ಕೂಸೇನು ಅಂತ ಕೇಳಿದ್ನಿ. ಅದು ನಿನ್ನ ಮ್ಯಾಲೈತಿ, ಬರಕೋ."

ಬರೆದುಕೊಂಡೆ. ಕಚೇರಿ ಕೆಲಸಕ್ಕೆ ಕೊಪ್ಪಳಕ್ಕೆ ಆಗಾಗ ಹೋಗುತ್ತಿರುತ್ತೇನೆ, ಅಲ್ಲಿಂದ ಕಿನ್ನಾಳ ದೂರವೇನಲ್ಲ. ದಿನಾ ಸಂಜೆ ನಾನು ಚಪ್ಪಲಿ ಬಿಡುವಷ್ಟರಲ್ಲಿ ದೊಡ್ಡವ್ವ ಬಾಗಿಲಿಗೆ ಬಂದು ನನ್ನ ಚೀಲದ ಕಡೆ ನೋಡಿ, ಗಿಳಿ ಬಂತೇ ಎಂದು ಕೇಳುತ್ತಾರೆ. ಆದ್ದರಿಂದ ನಾನೇನೂ ಅವಸರ ಮಾಡುತ್ತಿಲ್ಲ.