ದ್ರಾಕ್ಷಿಯ ವಿಷಯದಲ್ಲಿ ತಮ್ಮನ ಮಾತು ಬೇರೆ

ಕಳೆದ ವಾರ ಎವರ್‌ಗ್ರೀನ್‌ನ ನಮ್ಮ ಮನೆಗೆ ಅಡುಗೆಕಟ್ಟೆಯ ಕಲ್ಲು ಬದಲಾಯಿಸಲು ಇಬ್ಬರು ಕೆಲಸದವರು ಬಂದಿದ್ದರು. ಗ್ಯಾರೇಜಿನ ಮುಂದೆ ಕಲ್ಲಿನ ಹಲಗೆ ಮಲಗಿಸಿ, ನೀರು ಬಿಡುತ್ತಾ ಮೆಷಿನ್ನಿನಲ್ಲಿ ಕೊಯ್ಯುತ್ತಿದ್ದರು. ಮೀಟಿಂಗು ಮುಗಿಸಿ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದೆ. ಒದ್ದೆಯಾದ ಕಲ್ಲುಪುಡಿಯ ವಾಸನೆ ಮುಖಕ್ಕೇ ಬಂತು. ತಣ್ಣಗಿನ, ಸ್ವಲ್ಪ ಕಹಿ ಅನ್ನಿಸುವಂಥ ವಾಸನೆ... ಕಾಫಿ ಕೈಯಲ್ಲೇ ಆರಿಹೋಯಿತು. ನಾವು ಮೊದಲಿದ್ದ ವಾಲ್ನಟ್ ಕ್ರೀಕಿನ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯಲ್ಲಿದ್ದ ಮೇಷ್ಟ್ರು ಎಷ್ಟೋ ದಿನಗಳ ಮೇಲೆ ನೆನಪಾದರು.

ಮೇಷ್ಟ್ರು ಅನ್ನುವುದು ನಾನು ಇಟ್ಟುಕೊಂಡ ಹೆಸರು. ಅವರು ಜರ್ಮನಿಯವರು, ಇಲ್ಲಿನ ಶಾಲೆಯೊಂದರಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ಈ ದೇಶದಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾರೆ. ಎಂಬತ್ತು ದಾಟಿದವರನ್ನು ಹಾಗೆ ಕರೆಯಲು ಮೈಸೂರಿನಲ್ಲಿ ಬೆಳೆದ ನನಗೆ ನಾಲಿಗೆ ಹೊರಳಲಿಲ್ಲ. ಎದುರಿಗೆ ‘ಸರ್’ ಅನ್ನುತ್ತಿದ್ದೆ, ಮನಸ್ಸಿನಲ್ಲಿ ಮೇಷ್ಟ್ರು. ಅವರ ಕಿಟಕಿಯ ಕಟ್ಟೆಯ ಮೇಲೆ ಮುಷ್ಟಿಗಾತ್ರದ ಒಂದು ಕೆಂಪು ಕಲ್ಲಿತ್ತು. ಅದರ ಮೇಲೆ ಲೋಟದಿಂದ ನಾಲ್ಕು ಹನಿ ನೀರು ಚಿಮುಕಿಸಿ, “ಮೂಸಿ ನೋಡು, ಇದೇ ನಮ್ಮೂರು” ಎನ್ನುತ್ತಿದ್ದರು. ಅವರು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ನನ್ನ ತಲೆಯಲ್ಲಿ ಮಾತ್ರ ಅದೆಲ್ಲ ಕನ್ನಡದಲ್ಲೇ ಉಳಿದುಬಿಟ್ಟಿದೆ.

ಆಗ ನಾನು ಪ್ಲೆಸೆಂಟನ್ನಿನ ಆಫೀಸಿಗೆ ದಿನಾ ಫ್ರೀವೇಯಲ್ಲಿ ಹೋಗಿ ಬರುತ್ತಿದ್ದೆ. ಬರುವಾಗ ಡೇಕೇರಿನಿಂದ ಮಗಳನ್ನು ಎತ್ತಿಕೊಂಡು ಮನೆ ಸೇರುವಷ್ಟರಲ್ಲಿ ಮೈಯಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಅಂಥ ಒಂದು ಸಂಜೆ ಅವರು ಬಾಗಿಲು ತಟ್ಟಿದರು. ಕೈಯಲ್ಲಿ ಕರೆಂಟಿನವರ ಕಾಗದ. ಕಣ್ಣಿನ ನಡುಭಾಗ ಮಸುಕಾಗಿ ಹೋಗಿತ್ತು. “ನಿನ್ನ ಸುತ್ತ ಇರೋದೆಲ್ಲ ಕಾಣುತ್ತೆ. ನಿನ್ನ ಮುಖ ಕಾಣಲ್ಲ. ಕ್ಷಮಿಸು, ಇದೊಂದು ಓದಿ ಹೇಳ್ತೀಯಾ?” ಅಂದರು. ಓದಿ ಹೇಳಿದೆ. ಮುಂದಿನ ವಾರ ಇನ್ನೊಂದು ಕಾಗದ ಬಂತು. ಒಂದು ತಿಂಗಳಾದ ಮೇಲೆ ಅವರು ಹಿಂಜರಿಯುತ್ತಲೇ ಒಂದು ಪೆಟ್ಟಿಗೆ ತೆರೆದರು. ಒಳಗೆ ಟೈಪು ಮಾಡಿದ ಹಾಳೆಗಳು, ಜರ್ಮನ್ ಭಾಷೆಯಲ್ಲಿ. ಅದು ಅವರು ಅರ್ಧ ಜೀವಮಾನ ಬರೆದ ಪುಸ್ತಕ, ಅಚ್ಚಾಗದ್ದು. ತಿದ್ದಬೇಕಾದರೆ ಯಾರಾದರೂ ಓದಿ ಹೇಳಬೇಕಿತ್ತು.

“ನಂಗೆ ಜರ್ಮನ್ ಬರಲ್ಲ, ಸರ್.”

“ಅರ್ಥ ನಂಗೆ ಗೊತ್ತು. ನಂಗೆ ಬೇಕಾಗಿರೋದು ಸದ್ದು ಅಷ್ಟೆ.”

ಅದನ್ನು ಕೇಳಿ ನನಗೆ ನಗು ಬಂತು. ಚಿಕ್ಕವಳಿದ್ದಾಗ ನಮ್ಮ ಬೀದಿಯ ಮದರಸಾದಲ್ಲಿ ಅರಬ್ಬಿ ಓದಲು ಕಲಿತವಳು ನಾನು. ಒಂದು ಪದದ ಅರ್ಥವೂ ಗೊತ್ತಿರಲಿಲ್ಲ, ಆದರೆ ಇಡೀ ಕುರಾನನ್ನು ತಪ್ಪಿಲ್ಲದೆ ಓದಿ ಮುಗಿಸಿದ್ದೆ. ಗಂಟಲಿನಿಂದ ಬರುವ ಆ ‘ಖ’ ಜರ್ಮನ್ನಿನಲ್ಲೂ ಇದೆ. ನಾನು ಮೊದಲ ಸಲಕ್ಕೇ ಅದನ್ನು ಸರಿಯಾಗಿ ಹೇಳಿದಾಗ ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಉಳಿದ ಅಕ್ಷರಗಳ ಮೇಲೆ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಗುರುತು ಹಾಕಿಕೊಂಡೆ. ಶನಿವಾರ ಒಂದು ಗಂಟೆ, ವಾರದ ನಡುವೆ ಒಂದು ಸಂಜೆ... ಹಾಗೆ ಸುಮಾರು ಎರಡು ವರ್ಷ ಓದಿದೆ. ಮಗಳು ಅವರ ಕಾರ್ಪೆಟ್ಟಿನ ಮೇಲೆ ಬಣ್ಣ ಬಳಿಯುತ್ತಾ, “ಅಮ್ಮೀ, ಯು ಡೋಂಟ್ ಈವನ್ ನೋ ವಾಟ್ ಯು ಆರ್ ರೀಡಿಂಗ್” ಎಂದು ಅಣಕಿಸುತ್ತಿದ್ದಳು.

ಒಂದೊಂದು ಅಧ್ಯಾಯ ಮುಗಿದಾಗಲೂ ಅದರಲ್ಲೇನಿದೆ ಎಂದು ಅವರೇ ಹೇಳುತ್ತಿದ್ದರು. ರೈನ್ ನದಿಯ ಕಡೆಯ ಅವರ ಜಿಲ್ಲೆಯ ನಡುವೆ ಒಂದು ಕೆಥೆಡ್ರಲ್ ಇದೆ. ನೂರಾರು ವರ್ಷಗಳ ಹಿಂದಿನ ಮಹಾ ಚರ್ಚು. ಬಂದವರೆಲ್ಲ ಅದರ ಗೋಪುರಗಳನ್ನು ತಲೆಯೆತ್ತಿ ನೋಡುತ್ತಾರೆ, ಸುತ್ತಲಿನ ಹಳ್ಳಿಗಳನ್ನು ಯಾರೂ ನೋಡುವುದಿಲ್ಲ ಎನ್ನುವುದು ಮೇಷ್ಟ್ರ ಸಿಟ್ಟು. ಅವರ ಹಳ್ಳಿಯ ಗುಡ್ಡವನ್ನೇ ಕಡಿದು ಆ ಗೋಡೆಗಳನ್ನು ಎಬ್ಬಿಸಿದ್ದು. ಗುಡ್ಡ ಇದ್ದ ಕಡೆ ಈಗ ನೀರು ತುಂಬಿದ ಹೊಂಡ. ಮಾಡಿನ ತೊಲೆಗಳಿಗಾಗಿ ಓಕ್ ಕಾಡು ಹೋಯಿತು. ಹತ್ತು ಹೊರೆ ಗೋಧಿ ಬೆಳೆದರೆ ಒಂದು ಹೊರೆ ಚರ್ಚಿನ ಕಣಜಕ್ಕೆ. ಪಾದ್ರಿಗಳಿಗೆ ವೈನ್ ಬೇಕಾಗಿ ಗೋಧಿ ಬೆಳೆಯುತ್ತಿದ್ದ ಇಳಿಜಾರುಗಳಲ್ಲಿ ದ್ರಾಕ್ಷಿ ನೆಡಿಸಿದರು, ಅದರಿಂದಲೇ ಹಳ್ಳಿಗಳು ಹಸಿದವು ಎಂದು ಒಂದು ಇಡೀ ಅಧ್ಯಾಯ ಬರೆದಿದ್ದರು. ನನಗೆ ತುಂಬ ಹಿಡಿಸಿದ್ದು ರಸ್ತೆಗಳ ವಿಷಯ. ಎಲ್ಲ ಹಳ್ಳಿಗಳಿಂದಲೂ ಕೆಥೆಡ್ರಲ್ಲಿಗೆ ನೆಟ್ಟಗೆ ರಸ್ತೆ ಇತ್ತಂತೆ, ಒಂದು ಹಳ್ಳಿಯಿಂದ ಪಕ್ಕದ ಹಳ್ಳಿಗೆ ಇರಲಿಲ್ಲವಂತೆ. “ಅಮ್ಮನ ತಂಗಿ ಮನೆ ನಮ್ಮ ಹೊಲದಾಚೆ ಕಾಣ್ತಿತ್ತು. ಗಾಡೀಲಿ ಹೋಗ್ಬೇಕು ಅಂದ್ರೆ ಮಾತ್ರ ಕೆಥೆಡ್ರಲ್ ಇರೋ ಪೇಟೆ ಸುತ್ತಿಕೊಂಡೇ ಹೋಗ್ಬೇಕಾಗಿತ್ತು” ಎಂದಿದ್ದರು. ನಮ್ಮ ಕಡೆಯೂ ಗುಡಿಗೆ, ದರ್ಗಾಕ್ಕೆ ಬಿಟ್ಟ ಇನಾಮು ಜಮೀನುಗಳಿವೆ ಎಂದು ನಾನು ಹೇಳಿದಾಗ ಕಿವಿಗೊಟ್ಟು ಕೇಳಿದರು. “ಅದನ್ನ ಉಳೋರು ಯಾರು?” ಎಂದರು.

ಅವರ ತಂದೆ ಕಲ್ಲು ಕೆತ್ತುವವರು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಸತ್ತರು. ಮಣ್ಣು ಮಾಡಿ ಬಂದ ದಿನವೇ ಮೇಷ್ಟ್ರಿಗೂ ಅವರ ತಮ್ಮನಿಗೂ ಜಗಳವಾಯಿತು. ತಮ್ಮ ಕೆಥೆಡ್ರಲ್ಲಿನ ರಿಪೇರಿ ಮಾಡುವ ಕಲ್ಲುಕುಟಿಗರ ಜೊತೆ ಕೆಲಸಕ್ಕೆ ಸೇರಿದ್ದ. “ಅದು ನಮ್ಮನ್ನ ತಿಂತು ಅಂದೆ ನಾನು. ಅದು ನಮಗೆ ಅನ್ನ ಹಾಕ್ತು ಅಂದ ಅವನು.” ಮೇಷ್ಟ್ರು ಇಲ್ಲಿಗೆ ಬಂದರು. ಆಮೇಲೆ ಮೂವತ್ತು ವರ್ಷಕ್ಕೂ ಮೇಲೆ ಇಬ್ಬರ ನಡುವೆ ಒಂದು ಮಾತಿಲ್ಲ. ಹೆಂಡತಿ ತೀರಿಕೊಂಡಾಗಲೂ ಅವರು ತಮ್ಮನಿಗೆ ತಿಳಿಸಲಿಲ್ಲ. ಅಷ್ಟು ದಪ್ಪ ಪುಸ್ತಕವನ್ನು ಅವರು ಯಾರ ಎದುರು ವಾದ ಹೂಡಿ ಬರೆಯುತ್ತಿದ್ದರು ಎಂದು ಆವತ್ತು ನನಗೆ ಗೊತ್ತಾಯಿತು.

ಒಂದು ಶನಿವಾರ ಬೆಳಿಗ್ಗೆ ಗ್ರೋಸರಿ ತಂದು, ಚೀಲಗಳನ್ನು ಕಾರಿನಲ್ಲೇ ಬಿಟ್ಟು ಅವರ ಮನೆಗೆ ಹೋದೆ. ಬೇಗ ಮುಗಿಸಿ ಬರೋಣ ಎಂಬ ಲೆಕ್ಕ. ಟಪಾಲಿನಲ್ಲಿ ಜರ್ಮನ್ ಸ್ಟಾಂಪಿನ ಲಕೋಟೆ ಇತ್ತು. ಟೈಪು ಮಾಡಿದ ಎರಡು ಹಾಳೆ. “ಓದು” ಎಂದರು. ಆ ಹೊತ್ತಿಗೆ ನನ್ನ ಓದು ಪಳಗಿತ್ತು. ಕಾರಿನಲ್ಲಿದ್ದ ಹಾಲಿನ ಯೋಚನೆಯಲ್ಲೇ ಗಡಗಡ ಓದುತ್ತಾ ಹೋದೆ.

“ನಿಲ್ಲು. ಆ ಸಾಲು ಇನ್ನೊಂದ್ಸಲ.”

ಓದಿದೆ.

“ಇನ್ನೊಂದ್ಸಲ.”

ಮೂರನೇ ಸಲ ಓದುವಾಗ ಎಲ್ಲೋ ತಪ್ಪು ಹೇಳುತ್ತಿದ್ದೇನೆ ಎಂದುಕೊಂಡು, ಪ್ರತಿ ಅಕ್ಷರವನ್ನೂ ಬಿಡಿಸಿ, ಗಟ್ಟಿಯಾಗಿ, ಮಕ್ಕಳಿಗೆ ಹೇಳಿಕೊಡುವ ಹಾಗೆ ಓದಿದೆ. ಅವರು ಕೈ ಎತ್ತಿ ಮುಂದೆ ಹೋಗು ಎಂಬಂತೆ ಸನ್ನೆ ಮಾಡಿದರು. ಕೊನೆಯವರೆಗೂ ಓದಿ ಮಡಚಿಟ್ಟೆ.

“ನನ್ನ ತಮ್ಮ ಹೋದನಂತೆ. ಅವನ ಮಗಳು ಬರೆದಿದ್ದಾಳೆ” ಎಂದರು. ಆಮೇಲೆ, “ನೀನು ಚೆನ್ನಾಗಿ ಓದಿದೆ. ಒಂದೂ ತಪ್ಪಿಲ್ಲ.”

ಸತ್ತ ಸುದ್ದಿಯನ್ನು ಮೂರು ಸಲ, ಗಟ್ಟಿ ದನಿಯಲ್ಲಿ...

ಕಾಗದದಲ್ಲಿದ್ದುದನ್ನು ಅವರೇ ಬಿಡಿಸಿ ಹೇಳಿದರು. ತಮ್ಮನೂ ಅದೇ ಧೂಳಿನಿಂದಲೇ ಸತ್ತಿದ್ದ. ದ್ರಾಕ್ಷಿಯ ಅಧ್ಯಾಯವನ್ನು ಮೇಷ್ಟ್ರು ಹಿಂದೊಮ್ಮೆ ಅವರ ಊರಿನ ಸಣ್ಣ ಪತ್ರಿಕೆಗೆ ಕಳಿಸಿದ್ದರಂತೆ. ತಮ್ಮ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದ. ಸಾಯುವ ಮೊದಲು ಮಗಳಿಗೆ ಹೇಳಿದ್ದ: ಅಣ್ಣನಿಗೆ ಬರೆ, ಧೂಳಿನ ವಿಷಯದಲ್ಲಿ ಅವನು ಹೇಳಿದ್ದೇ ಸರಿ. ದ್ರಾಕ್ಷಿಯ ವಿಷಯ ತಪ್ಪು. ಚರ್ಚಿಗೆ ಮುಂಚೆಯೇ ನಮ್ಮ ಇಳಿಜಾರಿನಲ್ಲಿ ದ್ರಾಕ್ಷಿ ಇತ್ತು.

“ಇಷ್ಟು ವರ್ಷ ಆದ್ಮೇಲೆ... ದ್ರಾಕ್ಷಿ ಅಂತೆ!” ಎಂದು ಮೇಷ್ಟ್ರು ನಕ್ಕರು. ನಗುತ್ತಲೇ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. ಎಷ್ಟೊತ್ತಾದರೂ ನಿಲ್ಲಿಸಲಿಲ್ಲ.

ಮುಂದಿನ ಶನಿವಾರ ಆ ಅಧ್ಯಾಯವನ್ನು ಪೂರ್ತಿ ಓದಿಸಿದರು. ಕೊನೆಗೆ, “ಬರ್ಕೋ” ಎಂದು ಒಂದು ವಾಕ್ಯ ಹೇಳಿದರು. ಜರ್ಮನ್ ಸ್ಪೆಲಿಂಗು ನನಗೆ ಬಾರದು. ಕೇಳಿಸಿದ್ದನ್ನು ಕೇಳಿಸಿದ ಹಾಗೆ ಒಂದು ಚೀಟಿಯ ಮೇಲೆ ಕನ್ನಡ ಅಕ್ಷರಗಳಲ್ಲಿ ಬರೆದು, ಹಾಳೆಯ ಅಡಿಗೆ ಅಂಟಿಸಿದೆ. “ದ್ರಾಕ್ಷಿಯ ವಿಷಯದಲ್ಲಿ ನನ್ನ ತಮ್ಮನ ಮಾತು ಬೇರೆ. ಅವನು ಅಲ್ಲೇ ಇದ್ದವನು.” ಅಷ್ಟೇ ಅದರ ಅರ್ಥ.

ಆಮೇಲೆ ನಾನು ಹೋಗುವುದು ಕಡಿಮೆಯಾಯಿತು. ಆಫೀಸಿನಲ್ಲಿ ಹೊಸ ಪ್ರಾಜೆಕ್ಟು, ಮಗಳಿಗೆ ಮೇಲಿಂದ ಮೇಲೆ ಜ್ವರ. ಅವೆಲ್ಲ ನಿಜವೇ. ಆದರೆ ನನಗೆ ಸುಸ್ತಾಗಿತ್ತು. ಅವರ ಬಾಗಿಲು ದಾಟುವಾಗ ಹೆಜ್ಜೆಯ ಸದ್ದು ಕೇಳದ ಹಾಗೆ ನಡೆದ ದಿನಗಳೂ ಇವೆ. ಒಮ್ಮೆ ಕಾರಿಡಾರಿನಲ್ಲಿ ಸಿಕ್ಕಿದಾಗ, “ಈ ಶನಿವಾರ ಬರ್ತೀಯಾ? ಸ್ವಲ್ಪ ಹೇಳೋದಿದೆ” ಎಂದರು. “ಮುಂದಿನ ವಾರ ಖಂಡಿತ, ಸರ್” ಎಂದೆ. ಮುಂದಿನ ವಾರ ಅವರು ಬಾತ್‌ರೂಮಿನಲ್ಲಿ ಬಿದ್ದರು. ಆಸ್ಪತ್ರೆಯಿಂದ ನೇರವಾಗಿ ವೃದ್ಧರ ಮನೆಗೆ ಸೇರಿಸಿದರು. ಒಂದೇ ಒಂದು ಸಲ ಹೋಗಿ ನೋಡಿದೆ, ನಿದ್ದೆಯಲ್ಲಿದ್ದರು. ಎಬ್ಬಿಸಲಿಲ್ಲ.

ಮೇಷ್ಟ್ರು ತೀರಿಕೊಂಡ ಮೇಲೆ ಸಾಮಾನು ಖಾಲಿ ಮಾಡಲು ತಮ್ಮನ ಮಗಳು ಬಂದಳು. ನನಗಿಂತ ಸ್ವಲ್ಪ ದೊಡ್ಡವಳು. ಆ ಚೀಟಿ ತೋರಿಸಿ, ಇದು ಯಾವ ಲಿಪಿ ಎಂದು ಕೇಳಿದಳು. ನಾನು ಓದಿದೆ. ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅವಳು ಕೇಳದೆಯೇ ಇನ್ನೊಂದು ಸಲ ಓದಿದೆ. ಪುಸ್ತಕವನ್ನು ಜೊತೆಯಲ್ಲಿ ಒಯ್ದಳು. ಹೊರಡುವಾಗ ಮೆಟ್ಟಿಲ ಹತ್ತಿರ ನಿಂತು, “ನನ್ನಪ್ಪನ ಬಗ್ಗೆ ದೊಡ್ಡಪ್ಪ ಆಮೇಲೆ ಇನ್ನೇನಾದ್ರೂ ಹೇಳಿದ್ರಾ?” ಎಂದಳು.

“ಇಲ್ಲ” ಎಂದೆ.

ಆರು ವರ್ಷವಾಯಿತು. ಮೇಷ್ಟ್ರಿದ್ದ ಆ ಮನೆಯಲ್ಲಿ ಈಗ ಯಾರಿದ್ದಾರೋ ಗೊತ್ತಿಲ್ಲ. ತಮ್ಮನ ಮಗಳಿಗೆ ನಾನು ಸುಳ್ಳು ಹೇಳಲಿಲ್ಲ ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಅವರು ಏನೂ ಹೇಳಲಿಲ್ಲ, ನಿಜ. ಹೇಳುವುದಿದೆ ಎಂದಿದ್ದರು. ಕೇಳಿಸಿಕೊಳ್ಳಲು ನಾನು ಹೋಗಲಿಲ್ಲ.