ಸಾಂಬಾರಿಗೆ ರಜೆ

ಮುಂಬಯಿಯ ಭಾಂಡುಪಿನ ಚಾಳಿನಲ್ಲಿದ್ದ ಶಿವಪುತ್ರಪ್ಪನವರಿಗೆ ಹೋಟೆಲಿನವರು ಇಟ್ಟ ಹೆಸರು ರಜೆ ಮಾಸ್ತರು. ಒಂದು ದಿನವೂ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಧಾರವಾಡದ ಕಡೆಯಿಂದ ಬಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಅಂಗಡಿ ಹೋಟೆಲುಗಳ ಕಾಯ್ದೆ ಬಂದಾಗ ಅದನ್ನು ಇಂಗ್ಲಿಷಿನಲ್ಲಿ ಓದಿ ಸಿಕ್ಕವರಿಗೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳುವ ಚಟ ಹತ್ತಿತು, ನೋಡಿ. ಚಟ ಬಿಡಲಿಲ್ಲ, ಗುಮಾಸ್ತಿಕೆ ಬಿಟ್ಟಿತು. ಮಲಾಡಿನಿಂದ ಮುಲುಂಡಿನವರೆಗೆ ಹೋಟೆಲು ಹೋಟೆಲು ಸುತ್ತಿ, ಯಾರಿಗೆ ಎಷ್ಟು ರಜೆ, ಯಾವಾಗ ಕೊಡಬೇಕು, ಕೊಡದಿದ್ದರೆ ಏನಾಗುತ್ತದೆ ಎಂದು ಮಾಲಕರಿಗೆ ತಿಳಿಸಿ ಹೇಳುವುದೇ ಅವರ ಉದ್ಯೋಗವಾಯಿತು.

ಇದೂ ಒಂದು ಉದ್ಯೋಗವೇ ಎಂದು ನಗಬೇಡಿ. ಮುಲುಂಡ್ ಮುಂಬಯಿ ನಗರಪಾಲಿಕೆಗೆ ಸೇರಿದ ಹೊಸತು, ಈ ಕಾಯ್ದೆ ನೋಡುವ ಪಾಲಿಕೆಯ ಇನ್‌ಸ್ಪೆಕ್ಟರ್ ಬಂದ ಎಂದರೆ ಗಲ್ಲಾದ ಹಿಂದೆ ಕೂತ ಧಣಿಗಳ ಎದೆ ಧಸಕ್ಕೆನ್ನುತ್ತಿತ್ತು. ಶಿವಪುತ್ರಪ್ಪನವರು ಯಾರನ್ನೂ ಹೆದರಿಸುತ್ತಿರಲಿಲ್ಲ. ಚಹಾ ಕುಡಿದು, ಟೋಪಿ ಮೇಜಿನ ಮೇಲಿಟ್ಟು, "ನಿಮ್ಮಲ್ಲಿ ಕಡೀಗೆ ಊರಿಗೆ ಹೋಗಿ ಬಂದಾವ ಯಾರ್ರೀ?" ಎಂದು ಶುರು ಮಾಡುತ್ತಿದ್ದರು. ಸಂಜೆ ಮನೆಗೆ ಬಂದರೆ ಹೆಂಡತಿ ರುದ್ರವ್ವನ ಚೇಷ್ಟೆ: "ಮಂದಿನ್ನೆಲ್ಲ ಊರಿಗೆ ಕಳಸ್ತೀರಿ, ನೀವು ಮನಿಗಾದ್ರೂ ಹೊತ್ತಿಗೆ ಸರಿಯಾಗಿ ಬರ್ರಿ!" ಅವರು ನಕ್ಕು ಕೈಕಾಲು ತೊಳೆಯುತ್ತಿದ್ದರು. ಅವರಿಗೆ ತಮ್ಮ ಬಾಳು ಹಿಡಿಸಿತ್ತು.

ಅವರ ಕೈಗೂ ಬಗ್ಗದಿದ್ದದ್ದು ಒಂದೇ ಹೋಟೆಲು. ಮುಲುಂಡ್ ಸ್ಟೇಷನ್ನಿನ ಎದುರಿಗಿದ್ದ ಸೀನ ಶೆಟ್ಟರದ್ದು.

ಅಲ್ಲಿನ ಅಡಿಗೆಯವನು ಉಡುಪಿ ಕಡೆಯ ಕೊರಗಪ್ಪ. ನಾಲ್ಕು ವರ್ಷದಿಂದ ಊರಿಗೆ ಹೋಗಿಲ್ಲ. ಬರುವಾಗ ಹೆಂಡತಿ ಅಕ್ಕು ಬಸುರಿ. ಹುಟ್ಟಿದ ಮಗಳು ನೀಲಾವತಿಯ ಮುಖವನ್ನು ಈ ಮಹಾರಾಯ ಇನ್ನೂ ನೋಡಿಲ್ಲ! ಇನ್‌ಸ್ಪೆಕ್ಟರು ಎಚ್ಚರಿಕೆ ಕೊಟ್ಟು ಹೋಗಿದ್ದರು. ಇವನಿಗೆ ಈ ಬೇಸಗೆಯಲ್ಲಾದರೂ ಸಂಬಳದ ರಜೆ ಕೊಡದಿದ್ದರೆ ಕೇಸು ಖಂಡಿತ.

"ನಾನು ಕೊಡುದಿಲ್ಲ ಅಂದೆನಾ ಮಾಸ್ತರೇ?" ಸೀನ ಶೆಟ್ಟರು ಕೈ ಚೆಲ್ಲಿದರು. "ಅವನೇ ಹೋಗುದಿಲ್ಲ ಮಾರಾಯ್ರೆ. ಹೋದ್ರೆ ನನಗೂ ಕಷ್ಟ ಉಂಟು, ಸುಳ್ಳು ಯಾಕೆ ಹೇಳ್ಬೇಕು? ಜನ ಬರುದೇ ಅವನ ಸಾಂಬಾರಿಗೆ. ಆ ಸಾಂಬಾರಿನ ಹುಡಿಗೆ ಎಂತ ಹಾಕ್ತಾನೆ ಅಂತ ನನಗೇ ಗೊತ್ತಿಲ್ಲ."

ಮಾತು ನಿಜ. ದಿನಾ ಬೆಳಿಗ್ಗೆ ಕೊರಗಪ್ಪ ಸಾಮಾನಿನ ಕೋಣೆಗೆ ಹೋಗಿ, ಅಗಳಿ ಹಾಕಿಕೊಂಡು, ಒಬ್ಬನೇ ಮಸಾಲೆ ಹುರಿದು ಪುಡಿ ಮಾಡಿಕೊಂಡು ಬರುತ್ತಿದ್ದ. ಕೈಕೆಳಗಿನ ಹುಡುಗ ದೂಜನಿಗೂ ಒಳಗೆ ಪ್ರವೇಶವಿಲ್ಲ. ಶಿವಪುತ್ರಪ್ಪನವರು ಅಡಿಗೆಮನೆಗೇ ಹೋಗಿ ಅವನನ್ನು ಕೇಳಿದರು: "ಯಾಕಪಾ, ಮಗಳನ್ನ ನೋಡೂ ಆಶಾ ಇಲ್ಲೇನು?"

ಕೊರಗಪ್ಪ ಸವಟು ಕೆಳಗಿಟ್ಟ. "ಆಸೆ ಇಲ್ಲದೆ ಉಂಟಾ ಮಾಸ್ತರೇ? ಈ ಒಲೆ ನನಗೆ ಹೇಗೆ ಸಿಕ್ಕಿದ್ದು ಗೊತ್ತುಂಟಾ ನಿಮಗೆ? ಮೊದಲಿನ ಅಡಿಗೆಯವರು ಊರಿಗೆ ಹೋಗಿದ್ರು. ನಾನು ಬದಲಿಗೆ ಬಂದವ. ಅವರು ವಾಪಸು ಬಂದಾಗ ಈ ಸವಟು ನನ್ನ ಕೈಯಲ್ಲಿ ಇತ್ತು. ಅವರು ಅಲ್ಲೇ ಬಾಗಿಲಲ್ಲಿ ನಿಂತು ನೋಡಿ ಹೋದ್ರು. ನನಗೆ ಈಗಲೂ ಅವರ ಮುಖ ಕಾಣ್ತದೆ."

"ಆಗ ಕಾಯ್ದೆ ಇರಲಿಲ್ಲೋ. ಈಗ ರಜಾ ಮ್ಯಾಲೆ ಹೋದವನ್ನ ಹಂಗ ತಗಿಯಾಕ ಬರೂದಿಲ್ಲ."

"ಕಾಯ್ದೆಗೆ ಸಾಂಬಾರು ಮಾಡ್ಲಿಕ್ಕೆ ಬರ್ತದಾ? ಬರುದಿಲ್ಲ ಅಲ್ಲ? ಹಾಗಾದ್ರೆ ಶೆಟ್ರು ಇನ್ನೊಬ್ಬನನ್ನು ತರ್ತಾರೆ. ದೂಜನಿಗೆ ಕಲಿಸಿ ಹೋದ್ರೂ ಅಷ್ಟೆ, ಮತ್ತೆ ನಾನು ಯಾರಿಗೆ ಬೇಕು?"

ಮಾಸ್ತರರು ಟೋಪಿ ಎತ್ತಿಕೊಂಡರು. ಕಾಯ್ದೆಯಲ್ಲಿ ಎಲ್ಲಕ್ಕೂ ಕಲಮು ಉಂಟು, ಈ ಪುಡಿಗೆ ಇಲ್ಲ. ಬೇಜಾರಿನಿಂದಲೇ ಲೋಕಲ್ ಗಾಡಿ ಹತ್ತಿ ಮನೆಗೆ ಬಂದರೆ, ಚಾಳಿನ ಪಡಸಾಲೆಯಲ್ಲಿ ರುದ್ರವ್ವ ಮೂಗಿಗೆ ಸೆರಗು ಕಟ್ಟಿಕೊಂಡು ಮೆಣಸಿನಕಾಯಿ ಕುಟ್ಟುತ್ತಿದ್ದಳು. ಅಕ್ಕಪಕ್ಕದ ಮನೆಯವರೆಲ್ಲ ಸೀನುತ್ತಿದ್ದರು. ವರ್ಷದ ಮಸಾಲೆ ಖಾರ ಬೇಸಗೆಯಲ್ಲಿ ಒಮ್ಮೆಲೇ ಕುಟ್ಟಿ ಭರಣಿ ತುಂಬಿಸಿಡುವುದು ಅವರ ಕಡೆಯ ರೂಢಿ. ಶಿವಪುತ್ರಪ್ಪನವರು ಚಪ್ಪಲಿ ಬಿಡುವುದನ್ನೂ ಮರೆತು ನೋಡುತ್ತಾ ನಿಂತರು.

"ಏ ಇವಳ, ಹ್ವಾದ ವರ್ಷದ ಖಾರ ಇನ್ನೂ ಉಳದೈತೇನು?"

"ಉಳದೈತಿ. ಯಾಕ್ರೀ?"

"ನಾಳೆ ಮುಲುಂಡಕ್ಕ ಒಯ್ಯೂದೈತಿ."

ದಿನಾ ತಾಜಾ ಹುರಿಯುವ ಕರಾವಳಿಯವನಿಗೆ ಹಳೆಯ ಪುಡಿ ಎಂದರೆ ಮೂಗು ಮುರಿಯುವ ಸಂಗತಿ. ಮರುದಿನ ಮಾಸ್ತರರು ಪೊಟ್ಟಣ ಬಿಚ್ಚಿದರೆ, "ಶೀ, ವರ್ಷದ ಹಿಂದಿನದ್ದಾ!" ಎಂದ ಕೊರಗಪ್ಪ. ಆದರೂ ಚಿಟಿಕೆ ನಾಲಿಗೆಗಿಟ್ಟ. ಕಣ್ಣಲ್ಲಿ ನೀರು ಬಂತು. ಕೆಮ್ಮಿದ. ಮತ್ತೊಂದು ಚಿಟಿಕೆ ತೆಗೆದುಕೊಂಡ. "ಪರಿಮಳ ಹೋಗಲಿಲ್ಲ ಅಲ್ವಾ?" ಎಂದು ತನಗೆ ತಾನೇ ಹೇಳಿಕೊಂಡ.

ಅಲ್ಲಿಗೆ ಕೆಲಸ ಅರ್ಧ ಆದಂತಾಯಿತು. ರಜೆ ಮುಗಿಯುವವರೆಗೆ ಸಾಕಾಗುವಷ್ಟು ಪುಡಿ ಮಾಡಿ ಡಬ್ಬಿ ತುಂಬಿಸಿಟ್ಟು ಹೋಗುವುದು, ದೂಜ ಅದನ್ನು ಹಾಕಿ ಸಾಂಬಾರು ಕುದಿಸುವುದು. ಗುಟ್ಟು ಕೊರಗಪ್ಪನಲ್ಲೇ ಉಳಿಯಿತು, ಹೋಟೆಲೂ ನಡೆಯಿತು. ಪುಡಿ ಮುಗಿಯುವ ಹೊತ್ತಿಗೆ ಶೆಟ್ಟರಿಗೆ ಅವನು ಬೇಕೇ ಬೇಕು. ಕಾಯ್ದೆಯನ್ನು ನಂಬದವನು ಡಬ್ಬಿಯನ್ನು ನಂಬಿ ಊರಿಗೆ ಗಾಡಿ ಹತ್ತಿದ. ಮಗಳಿಗೆಂದು ಕೊಂಡ ಕೆಂಪು ಲಂಗವನ್ನು, ಬೀಳ್ಕೊಡಲು ಬಂದ ಮಾಸ್ತರರಿಗೆ ಸ್ಟೇಷನ್ನಿನ ದಾರಿಯುದ್ದಕ್ಕೂ ತೋರಿಸಿ ತಲೆ ತಿಂದಿದ್ದ. ಬೋರಿಬಂದರ್ ಸ್ಟೇಷನ್ನಿನಲ್ಲಿ ಗಾಡಿ ಹೊರಟಾಗ ಶಿವಪುತ್ರಪ್ಪನವರಿಗೆ ತಾವೇ ಊರಿಗೆ ಹೊರಟಷ್ಟು ಖುಷಿಯಾಯಿತು.

ಮುಂದೆ ನಡೆದದ್ದು ಬೇರೆ. ಆ ವರ್ಷ ಮಳೆ ಬೇಗ ಹಿಡಿಯಿತು. ರಜೆ ಮುಗಿಯಿತು, ಕೊರಗಪ್ಪ ಬರಲಿಲ್ಲ. ಘಟ್ಟದ ಕೆಳಗೆ ಹೊಳೆಗಳು ತುಂಬಿ, ಬಸ್ಸು ದಾಟಿಸುವ ದೋಣಿಗಳು ನಿಂತಿವೆ ಎಂದು ಊರಿನಿಂದ ಬಂದ ಯಾರೋ ಹೇಳಿದರು. ಇತ್ತ ಡಬ್ಬಿಯೂ ಬರಿದಾಯಿತು. ಶಿವಪುತ್ರಪ್ಪನವರಿಗೆ ಊಟ ಸೇರದಾಯಿತು. ರಜೆ ಇರುವವರೆಗೆ ಕಾಯ್ದೆ ಅವನ ಕೈ ಹಿಡಿಯುತ್ತದೆ. ರಜೆ ಮುಗಿದ ಮೇಲೂ ಬಾರದವನ ಪರವಾಗಿ ಏನು ಹೇಳುವುದು? ಅಷ್ಟರಲ್ಲಿ ದೂಜ ಮನೆಗೇ ಓಡಿಬಂದು ಇನ್ನೊಂದು ಸುದ್ದಿ ಮುಟ್ಟಿಸಿದ. ಮಲಾಡಿನ ಅಡಿಗೆಯವನೊಬ್ಬ ಕೆಲಸ ಕೇಳಿಕೊಂಡು ಶೆಟ್ಟರ ಹತ್ತಿರ ಬಂದು ಕೂತಿದ್ದಾನಂತೆ.

"ನಾನ ಆ ಕೊರಗಪ್ಪನ್ನ ಒಪ್ಪಿಸಿ ಊರಿಗೆ ಕಳಿಸಿದ್ನಿ. ಅವನ ಕೆಲಸ ಹ್ವಾದ್ರ ಆ ಪಾಪ ನನಗ ಬರ್ತೈತಿ ನೋಡ" ಎಂದು ರುದ್ರವ್ವನಿಗೆ ಹೇಳಿ, ಛತ್ರಿ ಬಿಡಿಸಿಕೊಂಡು ಹೊರಟರು. ಶೆಟ್ಟರ ಕಾಲು ಹಿಡಿಯುವುದೋ, ಜಗಳ ಆಡುವುದೋ ಎಂದು ಲೋಕಲಿನಲ್ಲಿ ನಿಂತೇ ಯೋಚಿಸಿದರು.

ಹೋಟೆಲಿನ ಬಾಗಿಲಲ್ಲಿ ಅವರ ಕಾಲು ನಿಂತಿತು. ಒಳಗೆ ಗಿರಾಕಿಯೊಬ್ಬ ಬರೀ ಚಟ್ನಿಯ ತಟ್ಟೆ ತೋರಿಸಿ ತಕರಾರು ಮಾಡುತ್ತಿದ್ದ. ಸೀನ ಶೆಟ್ಟರು ಗಲ್ಲಾದಿಂದಲೇ ಗಟ್ಟಿಯಾಗಿ ಹೇಳುತ್ತಿದ್ದರು: "ಸಾಂಬಾರ್ ನಹೀ ಹೈ. ಹಮಾರಾ ಆದ್ಮಿ ಛುಟ್ಟಿ ಪೇ ಗಯಾ ಹೈ!" ಸಾಂಬಾರು ಇಲ್ಲ, ನಮ್ಮವನು ರಜೆಯ ಮೇಲೆ ಹೋಗಿದ್ದಾನೆ, ಎಂದು!

ಕಾರ್ಖಾನೆಯ ಅಂಗಿ ತೊಟ್ಟ ಆ ಗಿರಾಕಿ, ಅಡಿಗೆಯವನು ಯಾವಾಗ ಬರುತ್ತಾನೆ ಎಂದು ಮರಾಠಿಯಲ್ಲಿ ಕೇಳಿ, ಚಟ್ನಿಯಲ್ಲೇ ಇಡ್ಲಿ ಅದ್ದಿಕೊಂಡ. ಮಲಾಡಿನವನು ಎಲ್ಲೂ ಕಾಣಲಿಲ್ಲ.

"ಅವನನ್ನು ಕಳಿಸಿದೆ ಮಾಸ್ತರೇ," ಎಂದರು ಶೆಟ್ಟರು. "ಒಳ್ಳೇ ಅಡಿಗೆಯವನೇ. ಆದ್ರೆ ಎಂತ ಮಾಡುದು, ದಿನಾ ಇಪ್ಪತ್ತು ಜನ ಕೊರಗಪ್ಪ ಎಲ್ಲಿ ಅಂತ ಕೇಳ್ತಾರೆ. ನಾಲ್ಕು ವರ್ಷ ಮಗುವಿನ ಮುಖ ನೋಡದೆ ನನ್ನ ಹೋಟೆಲು ನಡೆಸಿದವ ಅವ. ನಾಲ್ಕು ದಿನ ನಾನು ಚಟ್ನಿಯಲ್ಲಿ ನಡೆಸ್ತೇನೆ. ಚಹಾ ಕುಡಿತೀರಾ?"

ಶಿವಪುತ್ರಪ್ಪನವರು ತೊಯ್ದ ಛತ್ರಿ ಮೂಲೆಗಿಟ್ಟು ಕೂತರು. ಚಹಾ ಕುಡಿದರು. ಅಂಥ ರುಚಿಯ ಚಹಾ ಅವರು ಆ ಹೋಟೆಲಿನಲ್ಲಿ ಎಂದೂ ಕುಡಿದಿರಲಿಲ್ಲ.

ಎರಡು ದಿನ ಬಿಟ್ಟು ಕೊರಗಪ್ಪ ಬಂದ. ಮಾಸ್ತರರು ಅಲ್ಲೇ ಇದ್ದರು. ಅವರಿಗೆ ಆಗ ದಿನಾ ಮುಲುಂಡಿನಲ್ಲೇ ಕೆಲಸ ಬೀಳುತ್ತಿತ್ತು, ಯಾಕೆಂದು ಕೇಳಬೇಡಿ. ತೊಯ್ದು ತೊಪ್ಪೆಯಾಗಿದ್ದ ಕೊರಗಪ್ಪ ಒಳಗೆ ಬರದೆ ಬಾಗಿಲಲ್ಲೇ ನಿಂತು ಅಡಿಗೆಮನೆಯ ಕಡೆ ನೋಡಿದ. ಗಿರಾಕಿಯೊಬ್ಬ "ಅರೇ, ಆ ಗಯಾ!" ಎಂದು, ಅವನು ಬಂದ ಖುಷಿಗೆ ಕೂಗಿದ. ಶೆಟ್ಟರು ತಲೆ ಎತ್ತಿ, "ಎಂತ ನಿಂತದ್ದು? ಒಳಗೆ ಹೋಗು ಮಾರಾಯ, ಚಟ್ನಿ ರುಬ್ಬಿ ರುಬ್ಬಿ ದೂಜ ಸತ್ತ" ಎಂದು ಗದರಿದರು. ಕೊರಗಪ್ಪ ಅಳು ತಡೆಯಲಾರದೆ ಮೊಣಕೈಯಿಂದ ಮುಖ ಮುಚ್ಚಿಕೊಂಡ. ಶಿವಪುತ್ರಪ್ಪನವರೂ ಅತ್ತರು, ನಾಚಿಕೆಯೇನು ಬಂತು.

ಬಟ್ಟೆ ಬದಲಿಸಿ ಬಾಣಲೆ ಎತ್ತಿಕೊಂಡ ಕೊರಗಪ್ಪ, ಸಾಮಾನಿನ ಕೋಣೆಗೆ ಹೊರಟವನು ಹಿಂತಿರುಗಿ ನೋಡಿದ.

"ದೂಜಾ, ಬಾ ಇಲ್ಲಿ. ಕೊತ್ತಂಬರಿ ಎಷ್ಟು ಹುರಿಯುದು ಅಂತ ಸರಿಯಾಗಿ ನೋಡಿಕೋ."

ದೂಜ ಕಣ್ಣು ಕಣ್ಣು ಬಿಟ್ಟ. ಮಾಸ್ತರರು, "ಯಾಕೋ ಕೊರಗಪ್ಪ, ಗುಟ್ಟು ಬಿಟ್ಟು ಕೊಡ್ತೀಯೇನು?" ಎಂದರು.

"ಮತ್ತೆಂತ ಮಾಡುದು ಮಾಸ್ತರೇ? ಇನ್ನು ಡಬ್ಬಿ ಮುಗಿದ್ರೂ ಸಾಂಬಾರು ನಿಲ್ಲಬಾರ್ದಲ್ಲ. ಮೊದಲು ಎರಡು ದಿನ ನನ್ನ ಹತ್ತಿರವೇ ಬರಲಿಲ್ಲ ಮಗಳು, ಅಮ್ಮನ ಹಿಂದೆ ಅಡಗಿ ಕೂತಳು. ಹೊರಡುವ ದಿನ ನನ್ನ ಚೀಲದ ಮೇಲೆ ಕೂತು ಏಳ್ಲಿಕ್ಕೇ ಒಪ್ಪಲಿಲ್ಲ. ಮುಂದಿನ ವರ್ಷ ಬರ್ತೇನೆ ಅಂತ ಮಾತು ಕೊಟ್ಟು ಎಬ್ಬಿಸಿ ಬಂದದ್ದು."