ದೊಡ್ಡವ್ವನ ಒಗ್ಯೋ ಕಲ್ಲು

ಭಾಗ್ಯನಗರದ ನಮ್ಮ ಮನಿ ಗೇಟಿಗೆ ಇವತ್ತು ಮುಂಜಾನಿಂದ ಬಣ್ಣದ ಕೆಲಸ ನಡದೈತಿ. ಪೇಂಟರ್ ತುಕ್ಕು ತಿಕ್ಕಾಕತ್ತಾನ, ಅಂಗಳ ತುಂಬ ಕೆಂಪು ಪುಡಿ. ಎಣ್ಣಿಬಣ್ಣದ ವಾಸನಿ ಮೂಗಿಗೆ ಬಡೀತು ನೋಡ್ರಿ, ನಮ್ಮ ದೊಡ್ಡವ್ವನ ಒಗ್ಯೋ ಕಲ್ಲು ನೆನಪಾತು.

ದೊಡ್ಡವ್ವ ಅಂದ್ರ ನಮ್ಮವ್ವನ ಅಕ್ಕ, ಹನುಮಸಾಗರದಾಕಿ. ಆಕಿ ಬಚ್ಚಲದ ಮುಂದ ಒಂದು ಕಲ್ಲಿತ್ತು. ಒಂದು ಪಟ್ಟಿ ಕೆಂಪು, ಒಂದು ಪಟ್ಟಿ ಕರಿ, ಥೇಟ್ ಸೀರಿ ದಡಿಯಂಗ. ಗುಡ್ಡದಿಂದ ಚಕ್ಕಡ್ಯಾಗ ತಂದದ್ದಂತ. ಬ್ಯಾರೆ ಕಲ್ಲಿನ ಮ್ಯಾಲೆ ಒಗದ್ರ ಅರಿಬಿ ಹಸನ ಆಗೂದಿಲ್ಲ ಅಂತ ಆಕಿ ಹಟ.

ನಾನು ಆವಾಗ ಕುಷ್ಟಗ್ಯಾಗ ವಿಜ್ಞಾನದ ಮಾಸ್ತರ. ಕಲಿಸೂದಕ್ಕಿಂತ ಕೊರಿಯೂದ ಹೆಚ್ಚು. ಒಂದಿನ ದೊಡ್ಡವ್ವನ ಮನಿಗೆ ಉಣ್ಣಾಕ ಹೋದಾಗ ಆ ಕಲ್ಲು ಕಣ್ಣಿಗೆ ಬಿದ್ದು ಕೈಯಾಗಿನ ರೊಟ್ಟಿ ಹಂಗ ಉಳೀತು. ಭೂಮಿ ಎಳೇದಿದ್ದಾಗ ಗಾಳ್ಯಾಗ ಆಕ್ಸಿಜನ್ ಇದ್ದಿಲ್ಲ. ಸಮುದ್ರದ ನೀರಾಗ ಕಬ್ಬಿಣ ಕರಗಿತ್ತು. ಕಣ್ಣಿಗೆ ಕಾಣದ ಜೀವಿಗಳು ಬಿಸಲು ಉಂಡು ಆಕ್ಸಿಜನ್ ಬಿಟ್ಟಾಗ ಆ ಕಬ್ಬಿಣ ತುಕ್ಕಾಗಿ ತಳಕ್ಕ ಕುಂತಿತು, ಪದರ ಮ್ಯಾಲೆ ಪದರ. ಅದ ಈ ಪಟ್ಟಿ. ಭೂಮಿ ಉಸಿರಾಡಾಕ ಕಲ್ತ ಸಾಕ್ಷಿ ಮ್ಯಾಲೆ ದೊಡ್ಡವ್ವ ದೊಡ್ಡಪ್ಪನ ಧೋತರ ಬಡಿಯಾಕತ್ತಿದ್ಲು!

"ಸಾಲ್ಯಾಗ ವಿಜ್ಞಾನ ಪ್ರದರ್ಶನ ಐತಿ, ಒಂದ ದಿನ ಕೊಡಬೇ," ಅಂದೆ.

"ಒಯ್ಯಿ. ಸೋಮಾರ ಮುಂಜಾನೆ ನನ್ನ ಕಲ್ಲು ನನ್ನ ಬಚ್ಚಲದಾಗ ಇರಬೇಕು. ಇಲ್ಲಾಂದ್ರ ನನ್ನ ಅರಿಬಿ ನೀನ ಒಗಿ."

ಪ್ರದರ್ಶನಕ್ಕ ಶಿಕ್ಷಣ ಇಲಾಖೆ ಸಾಹೇಬ್ರು ಬಂದ್ರು. ಹಾರ ಇತ್ತು, ಶಾಲು ಇತ್ತು, ಟೆಂಗಿನಕಾಯಿ ಇತ್ತು. ಕಾಯಿ ಒಡಿಯಾಕ ಕಲ್ಲ ಇಲ್ಲ. ಹೆಡ್‌ಮಾಸ್ತರ್ರು ಅತ್ಲಾಗ ಇತ್ಲಾಗ ನೋಡಿ, ಗ್ವಾಡಿಗೆ ಆನಿಸಿದ್ದ ನನ್ನ ಆಕ್ಸಿಜನ್ ಸಾಕ್ಷಿ ಎಳಸಿ, ಈಬತ್ತಿ ಬಳದು, ಕುಂಕುಮ ಹಚ್ಚೇಬಿಟ್ರು. ಸಾಹೇಬ್ರು ಒಂದ ಏಟಿಗೆ ಒಡದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು.

ಸೋಮಾರ ಕಲ್ಲು ಒಯ್ಯಾಕ ಗಾಡಿ ತಂದ್ರ ಹೆಡ್‌ಮಾಸ್ತರ್ರು ಹೌಹಾರಿದ್ರು. "ಮಾಸ್ತರ, ತಲಿ ನೆಟ್ಟಗೈತೇನ್ರಿ? ಕಾಯಿ ಒಡಸ್ಕೊಂಡ ಕಲ್ಲಿನ ಮ್ಯಾಲೆ ಚಡ್ಡಿ ಒಗಿತೀರೇನು?" ಮೀಟಿಂಗ್ ಆತು. ಬೇವಿನ ಗಿಡದ ಬುಡಕ್ಕ ಕಟ್ಟಿ ಎದ್ದಿತು, ಕಲ್ಲು ಸಿಮೆಂಟಿನ್ಯಾಗ ಕುಂತಿತು. ಮುಂದ ಯಾರೋ ಪುಣ್ಯಾತ್ಮರು ಕೇಸರಿ ಎಣ್ಣಿಬಣ್ಣ ಬಳದ್ರು, ಪಟ್ಟಿ ಮುಚ್ಚಿಹೋದವು. ಪರೀಕ್ಷಿ ಹತ್ರ ಬಂತಂದ್ರ ಹುಡುಗ್ರು ನನ್ನ ಪಾಠ ಬಿಟ್ಟು ಅದಕ್ಕ ಊದಿನಕಡ್ಡಿ ಹಚ್ಚತಿದ್ರು.

ದೊಡ್ಡವ್ವ ಸಿಮೆಂಟಿನ ಹಾಸಿನ ಮ್ಯಾಲೆ ಅರಿಬಿ ಬಡೀತಾ ನನ್ನ ಬೈತಿದ್ಲು. ಆದ್ರ ಕುಷ್ಟಗಿ ಸಂತಿಗೆ ಬಂದಾಗೊಮ್ಮೆ ಸಾಲಿಗೆ ಹೊಕ್ಕು, ಕಲ್ಲಿನ ಮ್ಯಾಲೆ ಒಂದು ಚರಿಗಿ ನೀರು ಸುರುವಿ, ಸೆರಗಿನ ತುದಿ ಇಟ್ಟು ಗಸಗಸ ತಿಕ್ಕತಿದ್ಲು. "ಭಕ್ತಿ ಅಂದ್ರ ಇದು ನೋಡ್ರಿ," ಅಂತ ಒಂದಿನ ಹೆಡ್‌ಮಾಸ್ತರ್ರು ಕೈ ಮುಗದ್ರು. ನಾನು ಹತ್ರ ಹೋದೆ.

"ಭಕ್ತಿನೂ ಇಲ್ಲ ಏನೂ ಇಲ್ಲ," ಅಂದ್ಲು ಸಣ್ಣ ದನಿಲೆ. "ನನ್ನ ಕಲ್ಲು. ಸೆರಗು ಒಗ್ಯಾಕತ್ತೀನಿ. ಸುಮ್ನ ಹೋಗು."

ಆಕಿ ಹೋಗಿ ಭಾಳ ವರ್ಷ ಆತು. ಹ್ವಾದ ವಾರ ಆ ಸಾಲಿಗೆ ಹೋಗಿದ್ದೆ. ಹೊಸಾ ಟೀಚರ್, ಛಲೋ ಹುಡುಗಿ, ಅದ ಕಟ್ಟಿ ಮ್ಯಾಲೆ ಕುಂತು ಹುಡುಗ್ರಿಗೆ ಮೊಬೈಲಿನ್ಯಾಗ ಪಟ್ಟಿಕಲ್ಲಿನ ಫೋಟೋ ತೋರಸ್ತಾ, "ಇಂಥಾವು ಆಸ್ಟ್ರೇಲಿಯಾದಾಗ ಅದಾವು" ಅಂತ ಹೇಳಾಕತ್ತಿದ್ಲು. ಆಕಿ ಬೆನ್ನ ಹಿಂದ, ಕಲ್ಲಿನ ಒಂದು ಮೂಲ್ಯಾಗ ಅಂಗೈ ಅಗಲ ಬಣ್ಣ ಇರಲಿಲ್ಲ. "ಅಲ್ಲಿ ಬಳಿಯಂಗಿಲ್ರಿ," ಅಂದ ಸಾಲಿ ಜವಾನ, "ಅಜ್ಜಿ ಸೆರಗಿಲೆ ಸೇವಾ ಮಾಡಿದ ಜಾಗಾ."

ನಾನು ಅಲ್ಲಿ ಒಂದು ಚರಿಗಿ ನೀರು ಸುರುವಿದೆ. ಕೆಂಪು, ಕರಿ, ಕೆಂಪು ಎದ್ದು ಕಂಡ್ವು. ಟೀಚರ್ ಮೊಬೈಲ್ ಕೆಳಗಿಟ್ಟು ಬಾಗಿ ನೋಡಿದ್ಲು. "ಇದು ಯಾವ ದೇವ್ರ ಕಲ್ರೀ ಸರ್?"

"ನಮ್ಮ ದೊಡ್ಡವ್ವಂದು," ಅಂದೆ. ಆಕ್ಸಿಜನ್ ಮಾತು ಆಮ್ಯಾಲೆ ಹೇಳಿದೆ.

ಈಗ ಪೇಂಟರ್ ಕರ್ಯಾಕತ್ತಾನ, ತುಕ್ಕು ಇನ್ನ ಈ ಒಂದು ಮೂಲ್ಯಾಗಷ್ಟ ಉಳದೈತ್ರಿ ಅಂತ. ಅಂಗೈ ಅಗಲ ಹಂಗ ಬಿಡಪಾ ಅಂದೆ. ನನ್ನ ಮಾರಿ ನೋಡಿ ಅಷ್ಟು ಜಾಗಾ ಬಿಟ್ಟಾನ.